ಗೆರೆಯ ಮುಂದಿನ ಜಾಗ

ಆರು ಹಾಳೆ ಅಂಟಿಸಿ ಏಳನೆಯದಕ್ಕೆ ಬ್ರಷ್ ಎಳೆಯುತ್ತಿದ್ದ ಝಿವ್ಕಾಳ ಕೈ ನಡುವೆಯೇ ನಿಂತಿತು. ಬೇಕರಿಯ ಎದುರಿನ, ಚಹಾಕ್ಕೆಂದು ಹೂ ಒಣಗಿಸಿಡುವ ಲಿಪಾ ಮರ ಮೈತುಂಬ ಹೂಬಿಟ್ಟಿತ್ತು, ಜೇನ್ನೊಣಗಳು ಗುಂಯ್ಗುಡುತ್ತಿದ್ದವು, ಬ್ರಷ್ಷಿನ ಅಂಟು ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಹಾಳೆಯನ್ನು ಮೊದಲಿನಿಂದ ಓದಿದಳು. ಕಣ್ಣು ಮುಚ್ಚಿದಳು. ತೆರೆದು ಇನ್ನೊಮ್ಮೆ ಓದಿದಳು.

'ಎವ್ದೋಕಿಯಾ ಮಾನೊವಾ, ನಿವೃತ್ತ ಶಿಕ್ಷಕಿ, ಎಪ್ಪತ್ತೆಂಟು ವರ್ಷ, ನಿನ್ನೆ ನಮ್ಮನ್ನು ಅಗಲಿದರು. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಮೂರು ಗಂಟೆಗೆ, ಹೊಸ ಸ್ಮಶಾನದಲ್ಲಿ. ದುಃಖದಲ್ಲಿರುವ ಬಂಧುಗಳು.'

ಆ ಊರಲ್ಲಿ ಯಾರೇ ಸತ್ತರೂ ಅವರ ಫೋಟೊ ಇರುವ ಹಾಳೆ ಮನೆಯ ಗೇಟಿಗೆ, ಬಸ್ ಸ್ಟಾಪಿಗೆ, ಬೇಕರಿ ಬಾಗಿಲಿಗೆ, ರಸ್ತೆಯ ಮರಗಳಿಗೆ ಬೀಳಬೇಕು. ಶವಪೆಟ್ಟಿಗೆ, ಶಿಲುಬೆ, ಹೂಚಕ್ರ, ಹಾಳೆ ಎಲ್ಲವೂ ಸ್ಟಾಮೆನ್‌ನ ಅಂಗಡಿಯದು. ಹಾಳೆ ಅಂಟಿಸುವ ಕೆಲಸ ಇಪ್ಪತ್ತೆರಡು ವರ್ಷದಿಂದ ಝಿವ್ಕಾಳದು. ಅವಳಿಗೊಂದು ನೇಮವಿತ್ತು. ಅಂಟಿಸುವ ಮೊದಲು ಓದಬೇಕು, ಕಣ್ಣು ಮುಚ್ಚಬೇಕು, ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಯಾರು, ಯಾವಾಗ, ಎಲ್ಲಿ, ಯಾರ ಜೊತೆ. ಈ ನೇಮ ಹಾಕಿಕೊಟ್ಟವರು ಇವತ್ತು ಆ ಹಾಳೆಯಲ್ಲಿದ್ದ ಟೀಚರೇ. ನಿನ್ನೆ ದಿನವಿಡೀ ಝಿವ್ಕಾ ಪಕ್ಕದ ಹಳ್ಳಿಗಳಲ್ಲಿ ಯಾರೋ ಸತ್ತ ನಲವತ್ತನೇ ದಿನದ ಸ್ಮರಣೆಯ ಹಾಳೆ ಅಂಟಿಸಲು ಹೋಗಿದ್ದಳು. ಬೆಳಿಗ್ಗೆ ಅಂಗಡಿಗೆ ಬಂದರೆ ಸ್ಟಾಮೆನ್ ಮುಖ ಆಚೆ ತಿರುಗಿಸಿ ಹೊಸ ಕಟ್ಟು ಕೈಗಿಟ್ಟು, "ನಿನ್ ಟೀಚರ್ ಹೋಗ್ಬಿಟ್ರು ಕಣೇ. ಧೈರ್ಯ ತಗೋ" ಎಂದಿದ್ದ. ಮೇಲಿನ ಫೋಟೊ ನೋಡಿದ್ದೇ ಅವಳಿಗೆ ಕಣ್ಣು ಮಂಜಾಯಿತು. ಆರು ಹಾಳೆಗಳನ್ನು ಓದದೆಯೇ ಅಂಟಿಸಿಬಿಟ್ಟಳು, ಜನ್ಮದಲ್ಲಿ ಮೊದಲ ಸಲ.

ಈಗ ಓದಿದಳು. ಯಾರು, ಸರಿ. ಯಾವಾಗ, ಸರಿ. ಎಲ್ಲಿ, ತಪ್ಪು. ಟೀಚರ್ ಹೋಗಬೇಕಾದದ್ದು ಊರಾಚೆಯ ಹೊಸ ಸ್ಮಶಾನಕ್ಕಲ್ಲ, ಗುಡ್ಡದ ಮೇಲಿನ ಹಳೆಯದಕ್ಕೆ. ಅಲ್ಲಿ ಅಕ್ರೋಟ ಮರದ ಕೆಳಗೆ ಟೀಚರ ಗಂಡ ಇಲಾರಿಯೋನ್ ಮಲಗಿ ಇಪ್ಪತ್ತೆಂಟು ವರ್ಷವಾಗಿದೆ. ಅವರ ಪಕ್ಕದ ಜಾಗ ಟೀಚರದು. ಆ ಕಲ್ಲಿನ ಮೇಲೆ ಟೀಚರ ಹೆಸರು ಕೂಡ ಅಂದಿನಿಂದ ಕಾಯುತ್ತಿದೆ.

ಅವಳು ಏಳನೆಯ ಹಾಳೆಯನ್ನು ಮರದಿಂದ ಕಿತ್ತು, ಬಕೆಟ್ಟು ಎತ್ತಿಕೊಂಡು ಸೀದಾ ಅಂಗಡಿಗೆ ನಡೆದಳು.

"ಆಗ್ಲೇ ಮುಗೀತಾ?" ಸ್ಟಾಮೆನ್ ಹೂಚಕ್ರಕ್ಕೆ ರಿಬ್ಬನ್ ಕಟ್ಟುತ್ತಿದ್ದ. ಐವತ್ತು ದಾಟಿದ, ಹೊಟ್ಟೆ ಬಂದ, ಬಾಯಿ ಜೋರಿನ ಮನುಷ್ಯ.

"ಅಂಟಿಸಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಹಾಳೆ ಕಸಿದುಕೊಂಡು ಗಡಗಡ ಓದಿದ. "ಹೆಸರು ಸರಿ, ವಯಸ್ಸು ಸರಿ, ಗಂಟೆ ಸರಿ. ಫಾದರ್ ಹತ್ರ ಎರಡು ಸಲ ಕೇಳಿದೀನಿ. ಏನ್ ತಪ್ಪಿದೆ ಇದ್ರಲ್ಲಿ?"

"ಯಾರ ಜೊತೆ?"

"ಏನ್ ಯಾರ ಜೊತೆ?"

"ಟೀಚರ್. ಮೇಲೆ… ಕಲ್ಲು. ಗೆರೆ ಇದೆ."

"ಗೆರೆನಾ? ಯಾವ ಗೆರೆ? ಕಪ್ಪು ಬಾರ್ಡರಾ? ನೋಡು, ಬಾರ್ಡರ್ ಎಲ್ಲಾರ್ಗೂ ಒಂದೇ ದಪ್ಪ. ಮೇಯರ್ ಸತ್ರೂ ಅಷ್ಟೇ, ನಾನ್ ಸತ್ರೂ ಅಷ್ಟೇ."

ಝಿವ್ಕಾಳ ತಲೆಯೊಳಗೆ ಮಾತುಗಳು ಸಾಲಾಗಿಯೇ ನಿಂತಿರುತ್ತಿದ್ದವು. ಯಾರಾದರೂ ಜೋರು ಮಾಡಿದರೆ ಸಾಕು, ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೇ ಇಳಿಯಲು ಹೋದಂತೆ ಒಂದಕ್ಕೊಂದು ಸಿಕ್ಕಿಬೀಳುತ್ತಿದ್ದವು. ಅವಳು ಮತ್ತೆ "ಕಲ್ಲು" ಎಂದಳು.

"ಕಲ್ಲೆಲ್ಲ ಆಮೇಲೆ ಕಣೇ, ನಲವತ್ತು ದಿನ ಕಳೀಲಿ. ನೋಡು ಝಿವ್ಕಾ, ವಾರ್ನಾದಿಂದ ಅವರ ತಂಗಿ ಮಗಳು ಬಂದಿದಾಳೆ, ಫೋನಲ್ಲಿ ಎಲ್ಲಾ ಹೇಳಿದಾಳೆ, ನಾನು ಬರ್ಕೊಂಡಿದೀನಿ. ಗೆಂಚೊ ಆಗ್ಲೇ ಅಲ್ಲಿ ಗುಂಡಿ ತೋಡ್ತಿದಾನೆ. ಅಂಟಿಸೋದು ನಿನ್ ಕೆಲ್ಸ. ಓದೋದು ಊರವರ ಕೆಲ್ಸ."

"ಊರವರು ಓದಲ್ಲ," ಎಂದಳು ಝಿವ್ಕಾ. ಈ ಮಾತೊಂದು ಹೇಗೋ ಇಡಿಯಾಗಿ ಹೊರಬಂತು. ಕಟ್ಟನ್ನು ಅವನ ಮೇಜಿನ ಮೇಲಿಟ್ಟು, ಒಂದೇ ಒಂದು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೊರಟಳು.

* * *

ಝಿವ್ಕಾ ನಾಲ್ಕು ವರ್ಷದವರೆಗೆ ಮಾತೇ ಆಡಲಿಲ್ಲ. ಐದಕ್ಕೆ ಓದಿದಳು. ಯಾರೂ ಕಲಿಸಿರಲಿಲ್ಲ. ನೂಲಿನ ಗಿರಣಿಗೆ ಹೋಗುವ ಅಮ್ಮನ ಕೈ ಹಿಡಿದು ನಡೆಯುತ್ತ ಮರಮರದ ಮೇಲಿನ ಸಾವಿನ ಹಾಳೆಗಳನ್ನು ಹೊಳೆ ಹರಿದಂತೆ ಓದುತ್ತಿದ್ದಳು. ಜನ ನಿಂತು ನೋಡುತ್ತಿದ್ದರು. ಅಮ್ಮನಿಗೆ ಹೆಮ್ಮೆ. ಆದರೆ "ಬಾಗಿಲು ಹಾಕು ಮಗಾ" ಎಂದರೆ ಹುಡುಗಿ "ಬಾಗಿಲು ಹಾಕು ಮಗಾ" ಎಂದು ತಿರುಗಿ ಹೇಳಿ ಸುಮ್ಮನೆ ಕೂರುತ್ತಿದ್ದಳು. ಆರಕ್ಕೆ ಡಾಕ್ಟರುಗಳ ಸಮಿತಿ ಕೂತು, ಈ ಮಗು ವಿಶೇಷ ಶಾಲೆಗೆ ಎಂದು ಬರೆಯಿತು.

"ಓದೋ ಮಗೂನ ಓದಕ್ಕೆ ಬರದ ಮಕ್ಕಳ ಜೊತೆ ಕೂರಿಸ್ತೀರಾ?" ಎಂದು ಅಮ್ಮ ಆ ಶಾಲೆಯ ಬಾಗಿಲಲ್ಲೇ ಜಗಳಕ್ಕೆ ನಿಂತಳು.

ಬೂದು ಬಣ್ಣದ ಕೋಟು ಹಾಕಿದ್ದ ಮಾನೊವಾ ಟೀಚರ್ ಜಗಳವಾಡಲಿಲ್ಲ. ಮರದ ಪೆಟ್ಟಿಗೆಯಿಂದ ಒಂದು ಚೀಟಿ ತೆಗೆದು ಹುಡುಗಿಯ ಮುಂದಿಟ್ಟರು. ಪಕ್ಕದಲ್ಲೊಂದು ನೀಲಿ ಕಪ್ಪು, ಒಂದು ಚಮಚ.

"ಚಮಚವನ್ನು ನೀಲಿ ಕಪ್ಪಿನೊಳಗೆ ಇಡು," ಎಂದು ಝಿವ್ಕಾ ಓದಿದಳು. ಒಂದಕ್ಷರ ತಡವರಿಸಲಿಲ್ಲ. ಇನ್ನೊಮ್ಮೆ ಓದು ಎಂದರು, ಓದಿದಳು. ಮೂರನೇ ಸಲವೂ ಓದಿದಳು. ಚಮಚ ಇದ್ದಲ್ಲೇ ಇತ್ತು. ಅಮ್ಮನ ಮುಖದ ಹೆಮ್ಮೆ ನಿಧಾನವಾಗಿ ಇಳಿಯಿತು.

"ಚೆನ್ನಾಗಿ ಹಾಡಿದೆ," ಎಂದರು ಟೀಚರ್. "ಓದೋದು ನಾಳೆಯಿಂದ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ಉಳಿದ ಮುಕ್ಕಾಲಿಗೆ ಟೀಚರ್ ಒಂದು ದಾರಿ ಮಾಡಿಕೊಂಡಿದ್ದರು. ಓದು, ಮುಚ್ಚು, ಮಾಡು. ಚೀಟಿ ಓದಬೇಕು, ಬೋರಲು ಹಾಕಬೇಕು, ಅದರಲ್ಲಿದ್ದದ್ದನ್ನು ಕೈಯಿಂದ ಮಾಡಬೇಕು. ಕೈ ಮಾಡಿದರೆ ಮಾತ್ರ ಓದಿದಂತೆ. ಚಮಚ ಕಪ್ಪಿನೊಳಗೆ ಬೀಳಲು ಏಳು ವಾರ ಬೇಕಾಯಿತು. ಅವತ್ತು ಟೀಚರ್ ಬಾಗಿಲು ಹಾಕಿಕೊಂಡು ಕುಣಿದರೆಂದು ಶಾಲೆಯ ಅಡುಗೆಯವಳು ಊರೆಲ್ಲ ಸಾರಿದಳು.

ಆಗೆಲ್ಲ ಕಾಫಿ ಅಂಗಡಿಯಲ್ಲಿ ಕೂತ ಪಡ್ಡೆ ಹುಡುಗರು ಝಿವ್ಕಾಳನ್ನು ಕರೆದು, ಕೈಗೆ ಪತ್ರಿಕೆ ಕೊಟ್ಟು, "ಏ ರೇಡಿಯೋ, ಹಾಡೇ" ಎನ್ನುತ್ತಿದ್ದರು. ಅವಳು ಓದುವುದು, ಅವರು ಬಿದ್ದು ಬಿದ್ದು ನಗುವುದು. ಒಂದು ದಿನ ಅಲ್ಲೇ ಹೋಗುತ್ತಿದ್ದ ಟೀಚರ್ ನಿಂತರು. ನಗುವವರಲ್ಲಿ ಎಲ್ಲರಿಗಿಂತ ಜೋರಾಗಿದ್ದ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಇವಳು ಈಗ ಓದಿದ್ರಲ್ಲಿ ಏನಿತ್ತು, ಹೇಳೋ ಸ್ಟಾಮೆನ್" ಎಂದರು.

ನೋಡಿ ಹೇಳಲು ಸ್ಟಾಮೆನ್ ಪತ್ರಿಕೆಗೆ ಕೈ ಚಾಚಿದ.

"ಹಾಗಾದ್ರೆ ನಿಮ್ಮಿಬ್ರಿಗೂ ಒಂದೇ ತೊಂದ್ರೆ. ಅವಳು ದಿನಾ ನನ್ ಹತ್ರ ಬರ್ತಿದಾಳೆ. ನೀನ್ ಯಾವಾಗ್ ಬರ್ತೀಯಾ?"

ಅದಾಗಿ ಹದಿಮೂರು ವರ್ಷಕ್ಕೆ, ಸ್ಟಾಮೆನ್ ಅಂಗಡಿ ತೆರೆದಾಗ, ಅಂಟಿಸುವ ಕೆಲಸಕ್ಕೆ ಝಿವ್ಕಾಳನ್ನು ಕರೆತಂದು ನಿಲ್ಲಿಸಿದವರೂ ಅವರೇ. ಅವನು ಇಲ್ಲವೆನ್ನಲಿಲ್ಲ. ಟೀಚರ ಮುಂದೆ ಇಲ್ಲವೆನ್ನುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

* * *

ಟೀಚರ ಮನೆಯ ಬಾಗಿಲ ಪಕ್ಕದಲ್ಲಿ ಶವಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿ ನಿಂತಿತ್ತು. ಗೇಟಿನ ಮೇಲೆ ಬೆಳಿಗ್ಗೆ ಅವಳೇ ಅಂಟಿಸಿದ ಮೊದಲ ಹಾಳೆ. ಬಂದವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತು, ಫೋಟೊ ನೋಡಿ, ಗಂಟೆ ನೋಡಿ, ತ್ಚ್ ತ್ಚ್ ಎಂದು ಒಳಗೆ ಹೋಗುತ್ತಿದ್ದರು.

ಝಿವ್ಕಾ ಮೊದಲು ಟೀಚರ ಬಳಿ ಹೋದಳು. ನಡುಮನೆಯಲ್ಲಿ ಮೇಣದ ಬತ್ತಿಗಳ ನಡುವೆ ಟೀಚರ್ ನೀಲಿ ಉಡುಪಿನಲ್ಲಿ ಮಲಗಿದ್ದರು. ಹೊಸದೊಂದು ಚೀಟಿ ಬರೆದಿಟ್ಟು ಈ ಹುಡುಗಿ ಏನು ಮಾಡುತ್ತಾಳೋ ಎಂದು ಕಾಯುವಾಗ ಇರುತ್ತಿದ್ದ ಮುಖವೇ ಅದು. ಝಿವ್ಕಾ ಅವರ ಕೈ ಮೇಲೆ ಕೈಯಿಟ್ಟಳು. ಅಳು ಒತ್ತರಿಸಿಕೊಂಡು ಬಂತು. ಅಳಲು ಹೊತ್ತಿರಲಿಲ್ಲ; ಗೆಂಚೊ ಅಗೆಯುತ್ತಿದ್ದ.

ಅಡುಗೆಮನೆಯಲ್ಲಿ ತಂಗಿಯ ಮಗಳು ಬಿಸೆರಾ ಕಪ್ಪು ಉಡುಪು ತೊಟ್ಟು ಬೆಂದ ಗೋಧಿಗೆ ಸಕ್ಕರೆ ಉದುರಿಸುತ್ತಿದ್ದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಪಕ್ಕದ ಮನೆಯ ಮುದುಕಿ ಗಿನ್ಕಾ, ಟೀಚರ ಮೂವತ್ತು ವರ್ಷದ ನೆರೆಯವಳು, ಬ್ರೆಡ್ಡು ಕತ್ತರಿಸುತ್ತಿದ್ದಳು.

"ಹೊಸದು ಅಲ್ಲ," ಎಂದಳು ಝಿವ್ಕಾ. "ಗುಡ್ಡ. ಮೇಲೆ. ಕಲ್ಲು ಇದೆ."

ಬಿಸೆರಾ ತಲೆಯೆತ್ತಿದಳು. "ಯಾರು ಇವ್ಳು?"

"ನಿಮ್ ದೊಡ್ಡಮ್ಮನ ಸ್ಕೂಲಿನ ಹುಡ್ಗಿ," ಎಂದಳು ಗಿನ್ಕಾ. ನಲವತ್ತೊಂದು ತುಂಬಿದರೂ ಆ ಊರಿಗೆ ಝಿವ್ಕಾ ಹುಡುಗಿಯೇ. "ಪಾಪ, ಸ್ವಲ್ಪ ಹಂಗೇ. ಒಳ್ಳೇವ್ಳು. ಶನಿವಾರ ಶನಿವಾರ ಬರ್ತಿದ್ಲು. ದುಃಖ ತಡ್ಕೊಳಕ್ಕಾಗ್ತಿಲ್ಲ ಅದಕ್ಕೆ."

"ದುಃಖ ಅಲ್ಲ," ಎಂದಳು ಝಿವ್ಕಾ. ನಿಜವಾಗಿ ದುಃಖವೂ ಇತ್ತು, ಆದರೆ ಅದು ಬೇರೆ. "ಜಾಗ. ಜಾಗ ತಪ್ಪು."

"ಆಯ್ತಮ್ಮ, ಆಯ್ತು." ಬಿಸೆರಾ ಅವಳ ಕೈಗೆ ಒಂದು ತುಂಡು ಬ್ರೆಡ್ಡು, ಒಂದು ಚಮಚ ಗೋಧಿ ಇಟ್ಟಳು. "ದೇವ್ರು ಕ್ಷಮಿಸ್ಲಿ ಅನ್ನು. ಹೊರಗೆ ಬೆಂಚಿದೆ, ಕೂತ್ಕೊಂಡು ತಿನ್ನು."

"ದೇವ್ರು ಕ್ಷಮಿಸ್ಲಿ," ಎಂದು ಝಿವ್ಕಾ ಹೇಳಿದಳು. ಸತ್ತವರ ಹೆಸರಿನ ಬ್ರೆಡ್ಡು ಕೈಗೆ ಬಂದಾಗ ಹೇಳದೆ ಇರಲಾಗದು. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಸಿಟ್ಟಿನಿಂದ ಕಿವಿ ಬಿಸಿಯಾಗಿತ್ತು. ಚರ್ಚಿನ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಮೂರಕ್ಕೆ ಟೀಚರನ್ನು ಯಾರದೋ ಪಕ್ಕದ ಮಣ್ಣಿಗೆ ಇಳಿಸಿದರೆ ಅಲ್ಲಿಗೆ ಮುಗಿಯಿತು. ಮಣ್ಣು ಮುಚ್ಚಿದ ಮೇಲೆ ಯಾರು ತೆಗೆಯುತ್ತಾರೆ?

* * *

ಇಲಾರಿಯೋನ್ ಸತ್ತ ಮರುವರ್ಷದ ವಸಂತದಲ್ಲಿ ಟೀಚರ್ ಅವಳನ್ನು ಗುಡ್ಡದ ಮೇಲೆ ಕರೆದುಕೊಂಡು ಹೋಗಿದ್ದರು. ಝಿವ್ಕಾಳಿಗೆ ಆಗ ಹದಿನಾಲ್ಕು. ಚೀಟಿಗಳನ್ನೆಲ್ಲ ಅರಗಿಸಿಕೊಂಡಿದ್ದಳು, ಇನ್ನು ಕಲ್ಲುಗಳನ್ನು ಓದು ಎಂದಿದ್ದರು ಟೀಚರ್. ಕಲ್ಲಿನಿಂದ ಕಲ್ಲಿಗೆ ಹೋಗುವುದು, ಓದುವುದು, ಕಣ್ಣು ಮುಚ್ಚುವುದು, ನಾಲ್ಕು ಪ್ರಶ್ನೆಗೆ ಉತ್ತರಿಸುವುದು. ಯಾರ ಜೊತೆ ಎಂಬ ನಾಲ್ಕನೆಯದು ಅವಳಿಗೆ ಬಹಳ ಇಷ್ಟ. ಹೆಂಡತಿ ಜೊತೆ. ಮಗನ ಜೊತೆ. ಒಬ್ಬನೇ, ಪಾಪ.

ಅಕ್ರೋಟ ಮರದ ಕೆಳಗಿನ ಹೊಸ ಕಲ್ಲಿನಲ್ಲಿ ಎರಡು ಹೆಸರಿದ್ದವು. ಇಲಾರಿಯೋನ್ ಮಾನೊವ್. ಕೆಳಗೆ 1934 – 1989. ಅದರ ಪಕ್ಕದಲ್ಲಿ ಎವ್ದೋಕಿಯಾ ಮಾನೊವಾ, ಚಿಕ್ಕದೊಂದು ಫೋಟೊ.

ಓದಿದವಳೇ ಝಿವ್ಕಾ ಹೌಹಾರಿ ಟೀಚರ ತೋಳು ಹಿಡಿದುಕೊಂಡಳು. "ಟೀಚರ್ ಸತ್ತಿದಾರೆ! ಕಲ್ಲಲ್ಲಿ ಇದೆ!"

"ತೋಳು ಬಿಡು, ನೋಯತ್ತೆ. ಸತ್ತವಳ ತೋಳು ನೋಯತ್ತಾ?"

"ಇಲ್ಲ."

"ಮತ್ತೆ ಓದು. ಬೆರಳಿಟ್ಟು ಓದು."

"1939. ಗೆರೆ."

"ಗೆರೆ ಆದ್ಮೇಲೆ?"

ಝಿವ್ಕಾಳ ಬೆರಳು ಗೆರೆ ದಾಟಿ ನುಣುಪಾದ ಕಲ್ಲಿನ ಮೇಲೆ ಹೋಯಿತು. "ಏನೂ ಇಲ್ಲ."

"ಸರಿ. ಏನೂ ಇಲ್ಲ ಅಂದ್ರೆ?"

ಅವಳ ಬೆರಳು ಮತ್ತೆ ಗೆರೆಗೆ ಬಂತು, ಮತ್ತೆ ದಾಟಿತು. ಟೀಚರ್ ಅವಸರ ಮಾಡಲಿಲ್ಲ, ಎಂದೂ ಮಾಡಿದವರಲ್ಲ. ಆಮೇಲೆ ಝಿವ್ಕಾ ಮೆಲ್ಲಗೆ, ಒಂದೊಂದೇ ಪದ ಇಟ್ಟಂತೆ, "ಟೀಚರ್… ಇನ್ನೂ ಮುಗ್ದಿಲ್ಲ" ಎಂದಳು.

ಟೀಚರ್ ತಟ್ಟನೆ ಕೂತುಬಿಟ್ಟರು, ಗಂಡನ ಸಮಾಧಿಯ ಅಂಚಿನ ಮೇಲೆಯೇ. ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಕಲ್ಲಿನ ಕಡೆ ತಿರುಗಿ, "ಕೇಳಿಸ್ತೇನ್ರೀ?" ಎಂದರು. "ಬರೀದೆ ಇರೋದನ್ನ ಓದಿದ್ಲು."

* * *

ಝಿವ್ಕಾ ಬ್ರೆಡ್ಡು ತಿಂದು ಮುಗಿಸಿದಳು. ಗೋಧಿಯ ಕಾಳೊಂದನ್ನೂ ಬಿಡಲಿಲ್ಲ. ಬಾಯಿಯಿಂದ ಆಗದಿದ್ದರೆ ಬೇರೆ ದಾರಿಯುಂಟು. ಆ ದಾರಿಯಲ್ಲೇ ಅವಳು ಇಷ್ಟು ದೂರ ಬಂದದ್ದು. ಜೇಬಿನಿಂದ ಹಾಳೆ ತೆಗೆದು, ಬೋರಲು ಹಾಕಿ, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಏನು ಬರೆಯಬೇಕೆಂದು ಯೋಚಿಸಬೇಕಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಟೀಚರ್ ಅವಳಿಂದ ಒಂದೇ ಪಾಠವನ್ನು ಮೂರು ಶನಿವಾರ ಮಾಡಿಸಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಬಿಸೆರಾಗೆ ಫೋನಲ್ಲಿ ಎರಡು ಸಲ ಹೇಳ್ದೆ. ಹೂಂ ದೊಡ್ಡಮ್ಮ ಹೂಂ ದೊಡ್ಡಮ್ಮ ಅಂದ್ಲು. ಹೂಂ ಅನ್ನೋರು ಕೇಳಿಸ್ಕೊಂಡಿರಲ್ಲ ಕಣೇ" ಎಂದಿದ್ದರು.

ದಪ್ಪ ದಪ್ಪ ಅಕ್ಷರದಲ್ಲಿ ಬರೆದು ಮುಗಿಸಿ ಒಳಗೆ ಹೋದಳು. ಈಗ ಅಡುಗೆಮನೆಯಲ್ಲಿ ಇನ್ನೂ ನಾಲ್ಕೈದು ಹೆಂಗಸರು ಸೇರಿದ್ದರು. ಹೂಚಕ್ರ ಇಳಿಸಲು ಬಂದ ಸ್ಟಾಮೆನ್ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ಅವಳನ್ನು ಕಂಡು, "ಬಂದ್ಲು ನೋಡಿ. ಮೇಡಂ ಇವತ್ತು ಸ್ಟ್ರೈಕು" ಎಂದ.

ಝಿವ್ಕಾ ಚೀಟಿಯನ್ನು ಬಿಸೆರಾಳ ಕೈಗೆ ಕೊಟ್ಟಳು. "ಓದಿ."

ಬಿಸೆರಾ ಓದಿದಳು. ವಾರ್ನಾದ ಬ್ಯಾಂಕಿನಲ್ಲಿ ಕೆಲಸ, ವಾರ್ತೆ ಓದುವವರ ಹಾಗೆ ಸ್ಪಷ್ಟ ದನಿ. "ಅಡುಗೆಮನೆ. ಮೇಲಿನ ಕಪಾಟು. ಲಿಪಾ ಹೂವಿನ ಡಬ್ಬಿ. ಡಬ್ಬಿಯ ಕೆಳಗೆ ಲಕೋಟೆ. ಲಕೋಟೆ ತೆರೆಯಿರಿ." ಓದಿ ಕಣ್ಣೊರೆಸಿಕೊಂಡಳು. "ಅಕ್ಷರ ನೋಡಿ ಎಷ್ಟು ಮುದ್ದಾಗಿದೆ. ದೊಡ್ಡಮ್ಮ ಎಷ್ಟು ಚೆನ್ನಾಗಿ ಕಲ್ಸಿದಾರೆ."

"ಬಂಗಾರದಂಥ ಹೆಂಗ್ಸು," ಎಂದಳು ಒಬ್ಬಳು.

"ಇನ್ನು ಅಂಥೋರು ಬರಲ್ಲ," ಎಂದಳು ಇನ್ನೊಬ್ಬಳು.

ಬಿಸೆರಾ ಚೀಟಿಯನ್ನು ಅಚ್ಚುಕಟ್ಟಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಗೋಧಿಯ ತಟ್ಟೆಯ ಕಡೆ ತಿರುಗಿದಳು.

ಝಿವ್ಕಾ ಕದಲಲಿಲ್ಲ. ಆರು ವರ್ಷದ ಹುಡುಗಿಯ ಮುಂದೆ ಚಮಚ ಹೇಗೆ ಬಿದ್ದಿತ್ತೋ ಹಾಗೆ ಕಪಾಟು ಎದುರಿಗೇ ಇತ್ತು, ಯಾರ ಕೈಯೂ ಏಳಲಿಲ್ಲ. ಅವಳಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಹೆದರಿಕೆಯೆಲ್ಲ ಹೋಯಿತು. ಈ ತೊಂದರೆ ಅವಳಿಗೆ ಗೊತ್ತಿರುವ ತೊಂದರೆ. ಇದಕ್ಕೆ ಏನು ಹೇಳಬೇಕೆಂದೂ ಗೊತ್ತಿತ್ತು.

"ಚೆನ್ನಾಗಿ ಹಾಡಿದ್ರಿ," ಎಂದಳು. "ಈಗ ಓದಿ."

ಗಿನ್ಕಾಳ ಕೈಯ ಚಾಕು ಬ್ರೆಡ್ಡಿನ ನಡುವೆ ನಿಂತಿತು. ಸ್ಟಾಮೆನ್ ಕಾಫಿ ಕಪ್ಪನ್ನು ಕೆಳಗಿಟ್ಟು, ಯಾರೋ ಹೆಗಲ ಮೇಲೆ ಕೈಯಿಟ್ಟಂತೆ ನೆಟ್ಟಗೆ ನಿಂತ. ಆ ಮಾತು, ಆ ದನಿ, ಆ ಕಾಯುವ ನೋಟ ಎಲ್ಲರಿಗೂ ಗೊತ್ತಿತ್ತು. ಅದರ ಒಡತಿ ನಡುಮನೆಯಲ್ಲಿ ಮಲಗಿದ್ದರು.

ಬಿಸೆರಾ ಕೆಂಪಾದಳು. ಕೈಚೀಲದಿಂದ ಚೀಟಿ ತೆಗೆದು ಈ ಸಲ ತುಟಿ ಆಡಿಸದೆ ಓದಿದಳು. ಕುರ್ಚಿ ಎಳೆದುಕೊಂಡಳು. ಮೇಲಿನ ಕಪಾಟು, ಲಿಪಾ ಹೂವಿನ ಡಬ್ಬಿ, ಅದರ ಕೆಳಗೆ ಹಳದಿಗಟ್ಟಿದ ಲಕೋಟೆ. ಒಳಗೆ ನಗರಸಭೆಯ ಹಳೆಯ ಕಾಗದ: ಗುಡ್ಡದ ಸ್ಮಶಾನದಲ್ಲಿ ಎರಡು ಜಾಗ, ಒಂದು ಇಲಾರಿಯೋನ್ ಮಾನೊವ್ ಹೆಸರಲ್ಲಿ, ಇನ್ನೊಂದು ಎವ್ದೋಕಿಯಾ ಹೆಸರಲ್ಲಿ. ಕಾಗದದ ಜೊತೆ ಶಾಲೆಯ ಮರದ ಪೆಟ್ಟಿಗೆಯ ಚೀಟಿಗಳಂಥದೇ ಒಂದು ಚೀಟಿ. ಬಿಸೆರಾ ಅದನ್ನು ಜೋರಾಗಿ ಓದಿದಳು, ಆದರೆ ದನಿ ಈಗ ವಾರ್ತೆಯದಾಗಿರಲಿಲ್ಲ.

"ಬಿಸೆರಾ, ನನ್ನನ್ನು ಇಲಾರಿಯೋನ್ ಪಕ್ಕದಲ್ಲಿ ಇಡು. ಅರ್ಥವಾಗದಿದ್ದರೆ ಝಿವ್ಕಾಳನ್ನು ಕೇಳು."

"ಅಯ್ಯೋ, ನನ್ ಕಣ್ಣಿಗಿಷ್ಟು ಬೆಂಕಿ ಬೀಳ!" ಗಿನ್ಕಾ ಹಣೆ ಹಣೆ ಬಡಿದುಕೊಂಡಳು. "ಪ್ರತಿ ವರ್ಷ ಅವರ ಜೊತೆ ಗುಡ್ಡ ಹತ್ತಿ ಆ ಕಲ್ಲು ತೊಳ್ದಿದೀನಿ! ಬೆಳಿಗ್ಗೆ ಗೇಟಿನ ಮೇಲೆ ಹೊಸ ಸ್ಮಶಾನ ಅಂತ ಓದ್ದೋಳೂ ನಾನೇ!"

"ಫೋಟೊ ನೋಡಿದ್ರಿ," ಎಂದಳು ಝಿವ್ಕಾ. "ನಾನೂ. ಆರು ಸಲ." ಅಂಟು ಮೆತ್ತಿದ ಆರು ಬೆರಳು ಎತ್ತಿ ತೋರಿಸಿದಳು.

"ದೊಡ್ಡಪ್ಪ ಹೋದಾಗ ನಾನು ಬಾಣಂತಿ," ಎಂದಳು ಬಿಸೆರಾ ಯಾರನ್ನೂ ನೋಡದೆ. "ಬರಕ್ಕಾಗ್ಲಿಲ್ಲ. ಆಮೇಲೆ ಬಂದಾಗ್ಲೂ ಗುಡ್ಡ ಹತ್ಲಿಲ್ಲ. ಹೂಂ ಅಂದಿದ್ದೆ ಫೋನಲ್ಲಿ." ಕುರ್ಚಿಯಿಂದ ಇಳಿದು ಝಿವ್ಕಾಳ ಮುಂದೆ ಬಂದು ನಿಂತಳು. "ಈಗ ಏನ್ ಮಾಡ್ಬೇಕು? ನೀವು ಹೇಳಿ."

ಝಿವ್ಕಾ ಸ್ಟಾಮೆನ್ ಕಡೆ ಬೆರಳು ತೋರಿಸಿದಳು. "ಗೆಂಚೊ. ಮೇಲೆ. ಹೊಸ ಹಾಳೆ."

"ಆಯ್ತು, ಆಯ್ತು," ಎಂದು ಸ್ಟಾಮೆನ್ ಆಗಲೇ ಫೋನ್ ಒತ್ತುತ್ತಿದ್ದ.

* * *

ಗೆಂಚೊ ಸೊಂಟದ ಮಟ್ಟದವರೆಗೆ ತೋಡಿದ್ದ. ಫೋನಿನಲ್ಲಿ ಅವನು ಕೂಗಾಡಿದ್ದು ಅಡುಗೆಮನೆಗೆಲ್ಲ ಕೇಳಿಸಿತು. "ತೋಡಿದ್ ಗುಂಡಿ ಖಾಲಿ ಬಿಟ್ರೆ ಅದು ಬಾಯ್ತೆರ್ಕೊಂಡು ಇನ್ನೊಬ್ರನ್ನ ಕರಿಯತ್ತೆ, ಗೊತ್ತೇನ್ರೀ!"

"ಹತ್ರದಲ್ಲಿರೋನು ನೀನೇ. ಅದಕ್ಕೇ ಬೇಗ ಮುಚ್ಚಿ ಬಾ," ಎಂದ ಸ್ಟಾಮೆನ್.

ಗೆಂಚೊ ಮುಚ್ಚಿದ. ಗುಡ್ಡ ಹತ್ತಿ ಅಕ್ರೋಟದ ಬೇರುಗಳನ್ನು ಬೈಯುತ್ತ ಮತ್ತೆ ತೋಡಿದ. ನಗರಸಭೆಯವರು ಕಾಗದ ನೋಡಿ ತಕರಾರು ಮಾಡಲಿಲ್ಲ. ಅಂಗಡಿಯಲ್ಲಿ ಹೊಸ ಹಾಳೆ ಹೊರಬಂದಾಗ ಸ್ಟಾಮೆನ್ ಅದನ್ನು ಓದಿ, ಝಿವ್ಕಾಳತ್ತ ಒಮ್ಮೆ ನೋಡಿ, ಕಣ್ಣು ಮುಚ್ಚಿದ. ಅವನ ಮೀಸೆ ನಾಲ್ಕು ಸಲ ಅಲ್ಲಾಡಿತು. "ಗುಡ್ಡದ ಹಳೆಯ ಸ್ಮಶಾನದಲ್ಲಿ, ಪತಿ ಇಲಾರಿಯೋನ್ ಅವರ ಪಕ್ಕದಲ್ಲಿ. ಸರಿನಾ?"

"ಸರಿ," ಎಂದಳು. "ಈಗ ಓದಿದ್ರಿ."

"ಮೂವತ್ತೈದು ವರ್ಷ ಬೇಕಾಯ್ತು, ಮೇಡಂ," ಎಂದು ಅವನು ಮೂಗು ಸೀಟಿಕೊಂಡ.

ಆರು ಕಡೆಯೂ ಹಳೆಯದರ ಮೇಲೆ ಹೊಸದು ಅಂಟಿತು. ಉಳಿದ ಮರಗಳಿಗೂ, ಬಸ್ ಸ್ಟಾಪಿಗೂ. ಅಷ್ಟಾದರೂ ಝಿವ್ಕಾಳಿಗೆ ಊರಿನ ಓದಿನ ಮೇಲೆ ಭರವಸೆ ಬರಲಿಲ್ಲ. ಎರಡೂವರೆಗೆ ಹೊಸ ಸ್ಮಶಾನದ ಗೇಟಿನ ಮುಂದೆ ಬಕೆಟ್ಟು ಇಟ್ಟುಕೊಂಡು ನಿಂತಳು. ಅವಳ ಎಣಿಕೆ ಸುಳ್ಳಾಗಲಿಲ್ಲ. ಹೂ ಹಿಡಿದು ಒಬ್ಬೊಬ್ಬರೇ ಬಂದರು: ನಿವೃತ್ತ ಹೆಡ್ ಮಾಸ್ಟರು, ಔಷಧಿ ಅಂಗಡಿಯವಳು, ಗ್ರಂಥಾಲಯದವನು ಕೂಡ. ಅವಳು ಪ್ರತಿಯೊಬ್ಬರಿಗೂ ಗುಡ್ಡ ತೋರಿಸಿ "ಮೇಲೆ" ಎಂದಳು. ಕೊನೆಗೆ ಹನ್ನೊಂದು ಜನರನ್ನು ಕುರಿಮಂದೆಯಂತೆ ಮುಂದೆ ಬಿಟ್ಟುಕೊಂಡು ತಾನೂ ಹತ್ತಿದಳು.

ಅವರು ಮೇಲೆ ತಲುಪಿದಾಗ ಫಾದರ್ ಪ್ರಾರ್ಥನೆ ಶುರು ಮಾಡಿರಲಿಲ್ಲ. ಬಿಸೆರಾ ಮಾಡಗೊಟ್ಟಿರಲಿಲ್ಲ. "ಒಬ್ರು ಬರ್ಬೇಕು" ಎಂದು ಬಿಸಿಲಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡಿದ್ದಳು. ಟೀಚರ ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಜನರಾದರೂ ಇದ್ದರು. ಕೆಲವರು ಓಲಾಡುತ್ತ, ಒಬ್ಬ ತನ್ನಷ್ಟಕ್ಕೆ ಏನೋ ಗುನುಗುತ್ತ. ಅವರು ಯಾರೂ ದಾರಿ ತಪ್ಪಿರಲಿಲ್ಲ. ಎಲ್ಲರೂ ಹಾಳೆಯನ್ನು ಓದಿಯೇ ಬಂದಿದ್ದರು.

ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ, ಮಣ್ಣು ಹಗುರಾಗಲಿ ಎಂದರು. ಝಿವ್ಕಾ ಆಗ ಅತ್ತಳು, ಬಾಯಿಬಿಟ್ಟು, ಮಗುವಿನಂತೆ. ಈಗ ಅಳಲು ಹೊತ್ತಿತ್ತು. ಗಿನ್ಕಾ ಅವಳ ಬೆನ್ನು ಸವರಿದಳು, ಆದರೆ ಪಾಪ ಎನ್ನಲಿಲ್ಲ.

ಗೆಂಚೊ ಮಣ್ಣು ಮುಚ್ಚಿ ಸಮ ಮಾಡಿದ. ಬಿಸೆರಾ ಕೆಂಪು ವೈನನ್ನು ಸಮಾಧಿಯ ಮೇಲೆ ಶಿಲುಬೆಯಾಕಾರದಲ್ಲಿ ಸುರಿದು, ಉಳಿದದ್ದನ್ನು ಬಟ್ಟಲಿಗೆ ಹಾಕಿ ಝಿವ್ಕಾಳಿಗೆ ಕೊಟ್ಟಳು. ಜನ ಗೋಧಿ, ಬ್ರೆಡ್ಡು ತೆಗೆದುಕೊಂಡು ನೆರಳಿಗೆ ಸರಿಯುತ್ತಿದ್ದರು.

"ಕಲ್ಲು ಕೆತ್ತೋರು ನಲವತ್ತನೇ ದಿನಕ್ಕೆ ಬರ್ತಾರಂತೆ," ಎಂದಳು ಬಿಸೆರಾ. "ಅಲ್ಲೀವರೆಗೆ ಹೀಗೇ ಇರತ್ತೆ."

ಝಿವ್ಕಾ ಕಲ್ಲಿನ ಮುಂದೆ ಮೊಣಕಾಲೂರಿದಳು. 1939, ಗೆರೆ. ಗೆರೆಯ ಮುಂದೆ ನುಣುಪಾದ ಖಾಲಿ ಜಾಗ. ಇಷ್ಟು ವರ್ಷದ ಮಳೆ ಬಿಸಿಲಿನ ಮೇಲೂ ಅದೊಂದೇ ಹೊಸದರಂತೆ ಹೊಳೆಯುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗಾಡಿತು. ನಾಲ್ಕಕ್ಕೂ ಉತ್ತರ ಸಿಕ್ಕಿತು.

"ಹೀಗೇ ಬೇಡ," ಎಂದಳು.

ತೋರುಬೆರಳನ್ನು ವೈನಿನಲ್ಲಿ ಅದ್ದಿ, ಗೆರೆಯ ಮುಂದಿನ ಕಲ್ಲಿನ ಮೇಲೆ, ಟೀಚರ್ ಕಲಿಸಿದ ಹಾಗೆ ಅವಸರವಿಲ್ಲದೆ, ಒಂದೊಂದೇ ಅಂಕಿ ಬರೆದಳು. 2017. ಕೊನೆಯ ಏಳರ ಬಾಲದಿಂದ ಒಂದು ಕೆಂಪು ಹನಿ ಕೆಳಗಿಳಿಯಿತು. ಅದನ್ನು ಬೆರಳಿನಿಂದ ಒರೆಸಿ ಹಿಂದೆ ಸರಿದು ನೋಡಿದಳು. ಇಬ್ಬರ ಸಾಲುಗಳೂ ಈಗ ಒಂದೇ ಉದ್ದ ಇದ್ದವು.